ಹತ್ತು ಕೈಗಳಿಗೆ ಒಂದೇ ಬೀಗದ ಕೈ

ಬೀಗ ಹಾಕುವುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಒಂದು ಬೀಗದ ಕೈಯನ್ನು ಹಲವರು ಹಂಚಿಕೊಳ್ಳುವುದು ಮಾತ್ರ ಕಲಿತೇ ಬರಬೇಕಾದ ವಿದ್ಯೆ. ಮನೆಯ ಬೀಗದ ಕೈ ಎಲ್ಲಿದೆಯೆಂದು ಮನೆಮಂದಿಗೆಲ್ಲ ಗೊತ್ತಿರುತ್ತದೆ. ಕಿಟಕಿಯ ಸಂದಿಯಲ್ಲೋ, ತುಳಸಿಕಟ್ಟೆಯ ಹಿಂದೆಯೋ, ಪಕ್ಕದ ಮನೆಯ ಅಜ್ಜಿಯ ಬಳಿಯೋ ಅದು ಇರುತ್ತದೆ. ಶಾಲೆ, ಹಾಸ್ಟೆಲು, ವಾಚನಾಲಯ, ಸಂಘದ ಕಚೇರಿಗಳ ಮಾತು ಹಾಗಲ್ಲ. ಅಲ್ಲಿ ಬಾಗಿಲು ಎಲ್ಲರದು. ಬೀಗದ ಕೈ ಮಾತ್ರ ಯಾವ ಹೊತ್ತಿನಲ್ಲೂ ಯಾರೋ ಒಬ್ಬರ ಜೇಬಿನಲ್ಲಿರುತ್ತದೆ. ಆ ಒಬ್ಬರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗದ ದಿನ ಜಗಳ ಶುರುವಾಗುತ್ತದೆ.

ಪತ್ರಿಕೋದ್ಯಮದ ಡಿಪ್ಲೊಮಾ ಓದುತ್ತಿದ್ದಾಗ ನಾನಿದ್ದ ವಿದ್ಯಾರ್ಥಿನಿಲಯದಲ್ಲಿ ಇಂಥದೊಂದು ಜಗಳ ಕಂಡೆ. ಅಲ್ಲಿನ ವಾಚನಾಲಯವನ್ನೂ ಅದಕ್ಕೆ ಹೊಂದಿಕೊಂಡ ಕಂಪ್ಯೂಟರ್ ಕೊಠಡಿಯನ್ನೂ ನೋಡಿಕೊಳ್ಳುತ್ತಿದ್ದವರು ವಿದ್ಯಾರ್ಥಿಗಳೇ. ಐದು ಜನರಿದ್ದೆವು. ದಿನಕ್ಕೆ ಎರಡು ಗಂಟೆಯ ಪಾಳಿ. ಪ್ರತಿಯಾಗಿ ಊಟದ ಖರ್ಚಿನಲ್ಲಿ ರಿಯಾಯಿತಿ. ಐವರಲ್ಲಿ ಒಬ್ಬ ಕೊಳ್ಳೇಗಾಲ ತಾಲ್ಲೂಕಿನ ಕುಂತೂರಿನವನು. ಕುಂತೂರೆಂದರೆ ಸುತ್ತಲಿನವರಿಗೆ ಮೊದಲು ನೆನಪಾಗುವುದು ಅಲ್ಲಿನ ಸಕ್ಕರೆ ಕಾರ್ಖಾನೆ; ಅವನ ತಂದೆಯೂ ಕಬ್ಬು ಬೆಳೆಯುವವರೇ. ಆ ರಿಯಾಯಿತಿ ನಮಗೆ ಕೈಖರ್ಚಿನ ಮಾತಾದರೆ, ಅವನಿಗೆ ಓದು ಮುಂದುವರಿಯುವುದೋ ನಿಲ್ಲುವುದೋ ಎಂಬ ಮಾತು.

ಕಂಪ್ಯೂಟರ್ ಕೊಠಡಿಗೆ ಬೀಗದ ಕೈ ಒಂದೇ. ಅದನ್ನು ನೇತುಹಾಕಲು ಕಚೇರಿಯ ಗೋಡೆಯಲ್ಲಿ ಒಂದು ಮೊಳೆ ಇತ್ತು. ಕೆಲವೊಮ್ಮೆ ಅದು ಮೊಳೆಯ ಮೇಲಿರುತ್ತಿತ್ತು; ಹೆಚ್ಚಿನ ವೇಳೆ ಕೈಯಿಂದ ಕೈಗೆ ದಾಟುತ್ತಿತ್ತು. ಒಮ್ಮೆಯಂತೂ ಶಿವರಾತ್ರಿ ಜಾತ್ರೆಗೆಂದು ಮಾದಪ್ಪನ ಬೆಟ್ಟಕ್ಕೆ ಹೊರಟವನ ಜೇಬಿನಲ್ಲಿ ಅದೂ ಏಳುಮಲೆ ಏರಿತ್ತು. ನಕ್ಕು ಸುಮ್ಮನಾಗಿದ್ದೆವು.

ನಗಲಾಗದ ಸಂಜೆ ಆಮೇಲೆ ಬಂತು. ಆರರಿಂದ ಎಂಟರ ಪಾಳಿ ಕುಂತೂರಿನ ಗೆಳೆಯನದು. ಊಟದ ನಂತರ, ಒಂಬತ್ತಕ್ಕೆ, ನನ್ನದು. ನಾನು ಬಾಗಿಲು ತೆರೆದಾಗ ಪ್ರೊಜೆಕ್ಟರ್ ಇರಲಿಲ್ಲ. ಎಂಟಕ್ಕೆ ಬೀಗ ಹಾಕಿ, ಊಟದ ಮನೆಯಲ್ಲಿ ನನ್ನ ಕೈಗೇ ಕೊಟ್ಟೆನೆಂದು ಅವನು ಹೇಳಿದ. ಅವನು ಕೈಗೆ ಕೊಟ್ಟನೋ, ಮೊಳೆಯಿಂದ ನಾನೇ ತೆಗೆದುಕೊಂಡೆನೋ, ನನಗೆ ನೆನಪಾಗಲಿಲ್ಲ. ನೆನಪಿಲ್ಲ ಎಂದೇ ಹೇಳಿದೆ. ಅದು ಸುಳ್ಳಲ್ಲ. ಆದರೆ ಅವನ ಪಾಲಿಗೆ ಅದು ವಿರುದ್ಧ ಸಾಕ್ಷ್ಯವಾಯಿತು. ಯಾರೂ ಅವನನ್ನು ಕಳ್ಳನೆನ್ನಲಿಲ್ಲ. ‘ಸ್ವಲ್ಪ ದಿನ ಪಾಳಿ ಬೇಡ’ ಎಂದರು. ರಿಯಾಯಿತಿಯೂ ನಿಂತಿತು.

ಬೀಗದ ಕೈ ಎಂಬ ಅಂಗೈಯಗಲದ ಕಬ್ಬಿಣದ ಚೂರು ಮನುಷ್ಯರ ನಡುವೆ ಇಷ್ಟೆಲ್ಲ ಮಾಡಬಲ್ಲುದೆಂದು ಅಂದು ತಿಳಿಯಿತು. ನಮಗಿಂತ ಮೊದಲು ಹಂಚಿಕೊಂಡವರು ಇದನ್ನು ಹೇಗೆ ನಿಭಾಯಿಸಿದರೆಂಬ ಕುತೂಹಲ ಹುಟ್ಟಿದ್ದೂ ಆಗಲೇ.

ಸೊಂಟದ ಗೊಂಚಲು

ಕನ್ನಡದಲ್ಲಿ ಈ ವಸ್ತುವಿಗೆ ‘ಕೈ’ ಎಂದೇ ಹೆಸರು. ಮೈಸೂರು ಸೀಮೆಯಲ್ಲಿ ಬೀಗದ ಕೈ, ಉತ್ತರ ಕರ್ನಾಟಕದಲ್ಲಿ ಕೀಲಿಕೈ. ಅಲ್ಲೇ ಬಳಕೆಯಲ್ಲಿರುವ ‘ಚಾವಿ’ ಪೋರ್ಚುಗೀಸರ ಮಾತಿನಿಂದ ಬಂದದ್ದು. ಬೀಗಕ್ಕೊಂದು ಕೈ ಇದೆ ಎಂದಮೇಲೆ, ಆ ಕೈ ಯಾರ ಕೈಯಲ್ಲಿದೆ ಎಂಬುದು ಸಹಜವಾಗಿ ಏಳುವ ಪ್ರಶ್ನೆ.

ಹಳೆಯ ಕೂಡುಕುಟುಂಬದಲ್ಲಿ ಇದಕ್ಕೆ ಸುಲಭದ ಉತ್ತರವಿತ್ತು. ಉಗ್ರಾಣದ, ಪೆಟ್ಟಿಗೆಯ, ಹಾಲು ಬೆಣ್ಣೆ ಇಡುವ ಗೂಡಿನ ಬೀಗದ ಕೈಗಳೆಲ್ಲ ಒಂದೇ ಗೊಂಚಲಾಗಿ ಅತ್ತೆಯ ಸೊಂಟದಲ್ಲಿರುತ್ತಿದ್ದವು. ಗೊಂಚಲು ಸೊಸೆಯ ಸೊಂಟಕ್ಕೆ ದಾಟಿದ ದಿನ ಮನೆಯ ಯಜಮಾನಿಕೆಯೂ ದಾಟಿತೆಂದು ಲೆಕ್ಕ. ಒಬ್ಬರೇ ಹೊಣೆಗಾರರಾದ್ದರಿಂದ ಅಲ್ಲಿ ಪುಸ್ತಕ ಬೇಕಿರಲಿಲ್ಲ. ಆದರೆ ಆ ಒಬ್ಬರು ತವರಿಗೆ ಹೋದರೆ ಇಡೀ ಮನೆ ಕಾಯಬೇಕು.

ಊರಿನ ಸ್ವತ್ತಿನ ವಿಚಾರದಲ್ಲಿ ಹಿರಿಯರು ಇನ್ನೊಂದು ದಾರಿ ಹಿಡಿದರು. ಎಷ್ಟೋ ಹಳ್ಳಿಗಳಲ್ಲಿ ದೇವರ ಒಡವೆಯ ಪೆಟ್ಟಿಗೆ ಒಬ್ಬ ಯಜಮಾನರ ಮನೆಯಲ್ಲಿದ್ದರೆ, ಅದರ ಬೀಗದ ಕೈ ಇನ್ನೊಬ್ಬರ ಮನೆಯಲ್ಲಿ. ಪೆಟ್ಟಿಗೆ ಇದ್ದವರಿಗೆ ತೆರೆಯಲಾಗದು. ಕೈ ಇದ್ದವರಿಗೆ ಪೆಟ್ಟಿಗೆ ಎಟುಕದು. ಮಹಿಳೆಯರ ಸ್ವಸಹಾಯ ಸಂಘಗಳೂ ಇದೇ ಜಾಣ್ಮೆಯನ್ನು ಬಳಸಿಕೊಂಡವು. ಹಣದ ಪೆಟ್ಟಿಗೆ ಒಬ್ಬರಲ್ಲಿ, ಬೀಗದ ಕೈ ಮತ್ತೊಬ್ಬರಲ್ಲಿ, ಲೆಕ್ಕದ ಪುಸ್ತಕ ಮೂರನೆಯವರಲ್ಲಿ. ಇಲ್ಲಿ ಅಪನಂಬಿಕೆ ಇದೆ ಎನ್ನುವುದಕ್ಕಿಂತ, ಯಾರೊಬ್ಬರ ಮೇಲೂ ಅಪನಂಬಿಕೆಗೆ ಎಡೆಯಾಗದ ಏರ್ಪಾಡಿದೆ ಎನ್ನುವುದು ಸರಿ.

ಇದೇ ತತ್ವದ ಜಗತ್ಪ್ರಸಿದ್ಧ ಉದಾಹರಣೆ ಜೆರುಸಲೇಮಿನಲ್ಲಿದೆ. ಯೇಸುವಿನ ಸಮಾಧಿ ಇದ್ದ ಸ್ಥಳವೆಂದು ನಂಬಲಾದ ಪವಿತ್ರ ಸಮಾಧಿಯ ಚರ್ಚನ್ನು ಆರು ಕ್ರೈಸ್ತ ಪಂಗಡಗಳು ಹಂಚಿಕೊಂಡಿವೆ. ಆದರೆ ಅದರ ಹೆಬ್ಬಾಗಿಲಿನ ಬೀಗದ ಕೈ ಇರುವುದು ಒಂದು ಮುಸ್ಲಿಂ ಮನೆತನದ ಬಳಿ. ಬಾಗಿಲು ತೆರೆದು ಮುಚ್ಚುವ ಹಕ್ಕು ಇನ್ನೊಂದು ಮುಸ್ಲಿಂ ಮನೆತನದ್ದು. 1187ರಲ್ಲಿ ನಗರವನ್ನು ಗೆದ್ದ ಸಲಾದೀನನ ಕಾಲದಿಂದ ಈ ಪದ್ಧತಿ ಬಂದಿದೆಯೆಂದು ಹೇಳುವುದುಂಟು. ಪಾಲುದಾರರ ನಡುವೆ ಮನಸ್ತಾಪ ಬಂದಾಗಲೂ ಬಾಗಿಲು ತೆರೆಯುವುದು ನಿಲ್ಲದಿರಲಿ ಎಂದು, ಪಾಲಿಲ್ಲದವರ ಕೈಗೆ ಬೀಗದ ಕೈ ಕೊಟ್ಟಂತಾಯಿತು.

ಎರಡು ಬೀಗ, ಎರಡು ಕೈ

ಸರ್ಕಾರಿ ವ್ಯವಸ್ಥೆಯಲ್ಲಿ ಇದಕ್ಕೆ ‘ಜೋಡಿ ಬೀಗ’ ಎನ್ನುತ್ತಾರೆ. ಖಜಾನೆಯ ಭದ್ರತಾ ಕೊಠಡಿಗೆ ಎರಡು ಬೀಗಗಳು. ಎರಡರ ಕೈಗಳು ಬೇರೆ ಬೇರೆ ಹೊಣೆಗಾರರ ಬಳಿ. ಇಬ್ಬರೂ ಬಂದಲ್ಲದೆ ಬಾಗಿಲು ತೆರೆಯದು. ಬ್ಯಾಂಕಿನ ಲಾಕರಿನಲ್ಲಿ ಒಡವೆ ಇಟ್ಟವರಿಗೆ ಇದು ಗೊತ್ತು. ಬ್ಯಾಂಕಿನವರ ಕೈ ಮೊದಲು ತಿರುಗಬೇಕು, ಆಮೇಲೆ ಗ್ರಾಹಕರದು.

ಚುನಾವಣೆ ಮುಗಿದು ಮತಯಂತ್ರಗಳನ್ನಿಡುವ ಭದ್ರತಾ ಕೊಠಡಿಯಲ್ಲೂ ಇದೇ ಕ್ರಮ. ಜೋಡಿ ಬೀಗ, ಇಬ್ಬರು ಅಧಿಕಾರಿಗಳ ಬಳಿ ಎರಡು ಕೈ. ಬಾಗಿಲಿಗೆ ಮೊಹರು ಬೀಳುವಾಗ ಅಭ್ಯರ್ಥಿಗಳ ಕಡೆಯವರಿಗೆ ತಮ್ಮ ಮುದ್ರೆ ಒತ್ತುವ ಅವಕಾಶವಿದೆ. ಕಾವಲಿನವರ ಬಳಿ ಒಂದು ಪುಸ್ತಕ. ಅತ್ತ ಸುಳಿದವರ ಹೆಸರು, ಹೊತ್ತು ಅದರಲ್ಲಿ ದಾಖಲಾಗಬೇಕು. ಸೋತವರು ಕೂಡ ಫಲಿತಾಂಶವನ್ನು ಒಪ್ಪಬೇಕಾದರೆ ಬೀಗದ ಕೈಯ ಕಥೆ ಎಲ್ಲೂ ತುಂಡಾಗಿರಬಾರದು.

ನಮ್ಮ ನಾಡಿನಲ್ಲಿ ಈ ಜೋಪಾನ ಉತ್ಸವದ ರೂಪವನ್ನೇ ತಳೆದಿರುವುದು ಮೇಲುಕೋಟೆಯಲ್ಲಿ. ಚೆಲುವನಾರಾಯಣಸ್ವಾಮಿಯ ವೈರಮುಡಿ ಕಿರೀಟ ವರ್ಷವಿಡೀ ಇರುವುದು ಮಂಡ್ಯದ ಜಿಲ್ಲಾ ಖಜಾನೆಯಲ್ಲಿ. ಉತ್ಸವದ ದಿನ ಅಧಿಕಾರಿಗಳ ಹಾಗೂ ದೇವಾಲಯದವರ ಸಮ್ಮುಖದಲ್ಲಿ ಅದನ್ನು ಹೊರತೆಗೆದು, ಪೊಲೀಸ್ ಕಾವಲಿನಲ್ಲಿ ಮೆರವಣಿಗೆಯಾಗಿ ಒಯ್ಯುತ್ತಾರೆ. ದಾರಿಯುದ್ದಕ್ಕೂ ಹಳ್ಳಿಗಳವರು ಪೂಜೆ ಸಲ್ಲಿಸುತ್ತಾರೆ. ರಾತ್ರಿ ಉತ್ಸವ ಮುಗಿದ ಬಳಿಕ ಕಿರೀಟ ಮತ್ತೆ ಖಜಾನೆಗೆ. ವರ್ಷಕ್ಕೊಮ್ಮೆ ಮಾತ್ರ ಬಾಗಿಲು ತೆರೆಯುವ ಹಾಸನದ ಹಾಸನಾಂಬೆಯ ಒಡವೆಗಳೂ ಹೀಗೆಯೇ ಖಜಾನೆಯಿಂದ ಬರುತ್ತವೆ. ನಮ್ಮ ಮಲೆ ಮಹದೇಶ್ವರ ಬೆಟ್ಟದಲ್ಲಿ ಹುಂಡಿ ತೆರೆದು ಎಣಿಸುವಾಗಲೂ ಪ್ರಾಧಿಕಾರದ ಅಧಿಕಾರಿಗಳು, ಬ್ಯಾಂಕಿನವರು, ಪೊಲೀಸರು ಎಲ್ಲರೂ ಇರುತ್ತಾರೆ. ದೇವರ ಹಣಕ್ಕೂ ಸಾಕ್ಷಿ ಬೇಕು.

ಈ ಸರಪಳಿಯ ಒಂದು ಕೊಂಡಿ ಕಳಚಿದರೆ ಏನಾಗುತ್ತದೆಂದು ಕರ್ನಾಟಕದ ವಿದ್ಯಾರ್ಥಿಗಳಿಗೆ ಚೆನ್ನಾಗಿ ಗೊತ್ತು. 2016ರ ಮಾರ್ಚ್ 21ರಂದು ನಡೆದ ದ್ವಿತೀಯ ಪಿಯುಸಿ ರಸಾಯನಶಾಸ್ತ್ರ ಪರೀಕ್ಷೆಯ ಪ್ರಶ್ನೆಪತ್ರಿಕೆ ಮೊದಲೇ ಬಯಲಾಗಿತ್ತು. ಮಾರ್ಚ್ 31ಕ್ಕೆ ಮರುಪರೀಕ್ಷೆ ಗೊತ್ತಾದರೆ ಅದೂ ಬಯಲಾಯಿತು. ಕೊನೆಗೆ ಏಪ್ರಿಲ್ 12ರಂದು ಪರೀಕ್ಷೆ ನಡೆಯಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ಒಂದೇ ವಿಷಯವನ್ನು ಮತ್ತೆ ಮತ್ತೆ ಓದಿ ಕಾದು ಕುಳಿತರು. ಪ್ರಶ್ನೆಪತ್ರಿಕೆಗಳ ಸಾಗಣೆ ಮತ್ತು ಖಜಾನೆಯ ಕೊಠಡಿಗಳ ಕಾವಲು ಬಿಗಿಯಾದದ್ದು, ಕ್ಯಾಮೆರಾಗಳು ಬಂದದ್ದು ಆಮೇಲೆ. ಬೀಗ ಎಷ್ಟೇ ಗಟ್ಟಿಯಿರಲಿ, ಯಾರು, ಯಾವಾಗ, ಯಾರ ಮುಂದೆ ತೆರೆದರು ಎಂಬುದು ತಿಳಿಯದಿದ್ದರೆ ಫಲವಿಲ್ಲ.

ಪುರಿಯ ಪಾಠ

‘ಡೂಪ್ಲಿಕೇಟ್ ಇದೆಯಲ್ಲ’ ಎಂಬ ಧೈರ್ಯ ಎಲ್ಲ ಕಚೇರಿಗಳಲ್ಲೂ ಇರುತ್ತದೆ. ಆ ಧೈರ್ಯ ಎಷ್ಟು ಪೊಳ್ಳಾಗಬಹುದೆಂದು ತೋರಿಸಿದ್ದು ಒಡಿಶಾದ ಪುರಿ ಜಗನ್ನಾಥನ ರತ್ನ ಭಂಡಾರ. ಅಲ್ಲಿನ ಒಡವೆಗಳ ಪಟ್ಟಿ ಮಾಡಿದ್ದು 1978ರಲ್ಲಿ. 2018ರ ಏಪ್ರಿಲ್‌ನಲ್ಲಿ ಕಟ್ಟಡದ ಸ್ಥಿತಿ ಪರೀಕ್ಷಿಸಲು ಹೋದ ತಂಡಕ್ಕೆ ಒಳಭಂಡಾರವನ್ನು ಪ್ರವೇಶಿಸಲಾಗಲಿಲ್ಲ. ಆಮೇಲೆ ತಿಳಿದದ್ದು, ಅದರ ಬೀಗದ ಕೈಯೇ ಕಾಣೆ! ದೊಡ್ಡ ಗದ್ದಲವಾಯಿತು. ಆ ಬಳಿಕ ಡೂಪ್ಲಿಕೇಟ್ ಕೈಗಳೆಂದು ಬರೆದ ಲಕೋಟೆಯೊಂದು ಸರ್ಕಾರಿ ದಾಖಲೆ ಕೊಠಡಿಯಲ್ಲಿ ಸಿಕ್ಕಿತು. ಎಲ್ಲರೂ ಸಮಾಧಾನಪಟ್ಟರು. 2024ರ ಜುಲೈ 14ರಂದು ಭಂಡಾರ ತೆರೆಯಲು ಹೋದಾಗ ಆ ಕೈಗಳಿಂದ ಒಳಕೋಣೆಯ ಬೀಗ ತೆರೆಯಲಿಲ್ಲ. ಕೊನೆಗೆ ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ಬೀಗಗಳನ್ನು ಒಡೆಯಬೇಕಾಯಿತು.

ಇದರಿಂದ ಕಲಿಯಬೇಕಾದ್ದು ಎರಡು ಸಣ್ಣ ಸಂಗತಿ. ಬೀಗದ ಕೈ ಇದೆಯೆಂದು ಬರೆದಿಟ್ಟರೆ ಸಾಲದು, ಆಗಾಗ ಎಣಿಸಬೇಕು. ಎಣಿಸಿದರೂ ಸಾಲದು, ಬೀಗಕ್ಕೆ ಹಾಕಿ ತಿರುಗಿಸಿ ನೋಡಬೇಕು.

ಪುಸ್ತಕ ಏನು ಹೇಳಬೇಕು?

ಖಜಾನೆಯ ಪದ್ಧತಿಯನ್ನು ಹಾಸ್ಟೆಲಿಗೆ ತಂದರೆ ಅತಿಯಾಗುತ್ತದೆ ಎನ್ನಬಹುದು. ನಿಜ. ವಾಚನಾಲಯದ ಬಾಗಿಲಿಗೆ ಜೋಡಿ ಬೀಗ ಹಾಕಿದರೆ ಓದುವವರು ಹೊರಗೆ ನಿಲ್ಲಬೇಕಾಗುತ್ತದೆ. ಹಣ, ಉತ್ತರಪತ್ರಿಕೆಗಳಿರುವ ಕಡೆ ಇಬ್ಬರ ಕೈ ಬೇಕು. ದಿನವೂ ಹತ್ತು ಸಲ ತೆರೆಯುವ ಕಡೆ ಒಬ್ಬರ ಕೈ ಮತ್ತು ಒಂದು ಪುಸ್ತಕ ಸಾಕು.

ವಿದ್ಯಾರ್ಥಿಗಳಿಂದಲೇ ನಡೆಯುವ ಕಡೆ ಕಷ್ಟ ಸ್ವಲ್ಪ ಬೇರೆ. ಕಾಯಂ ನೌಕರ ಹತ್ತಾರು ವರ್ಷ ಇರುತ್ತಾನೆ. ವಿದ್ಯಾರ್ಥಿ ಎರಡು ಮೂರು ವರ್ಷಕ್ಕೆ ಹೊರಡುತ್ತಾನೆ. ಪರೀಕ್ಷೆ ಬಂದಾಗ ಪಾಳಿ ಅದಲುಬದಲಾಗುತ್ತದೆ, ಹಬ್ಬ ಬಂದಾಗ ಊರಿಗೆ ಬಸ್ಸು ಹತ್ತುತ್ತಾರೆ. ಎಲ್ಲರೂ ಗೆಳೆಯರಾದ್ದರಿಂದ ‘ಸಹಿ ಹಾಕು’ ಎನ್ನಲು ಸಂಕೋಚ. ಈ ಸಂಕೋಚವೇ ಮುಂದೆ ಗೆಳೆತನಕ್ಕೆ ಮುಳುವಾಗುತ್ತದೆ.

ಬೇಕಾದ ಪುಸ್ತಕ ಬಹಳ ಸರಳ. ದಿನಾಂಕ, ಬೀಗದ ಕೈಯ ಸಂಖ್ಯೆ, ಪಡೆದವರ ಹೆಸರು, ಪಡೆದ ಹೊತ್ತು, ಹಿಂದಿರುಗಿಸಿದ ಹೊತ್ತು, ಸಹಿ ಎಂದು ಆರು ಗೆರೆ ಎಳೆದರೆ ಮುಗಿಯಿತು. ಮುಖ್ಯ ಸಂಗತಿ ಎಂದರೆ, ಕೈಯಿಂದ ಕೈಗೆ ದಾಟುವುದನ್ನು ನಿಲ್ಲಿಸಬೇಕು. ಕೊಡುವವನು ಕೈಯನ್ನು ಅದರ ಜಾಗಕ್ಕೆ ಹಿಂದಿರುಗಿಸಿ ಬರೆಯಬೇಕು. ಪಡೆಯುವವನು ಅಲ್ಲಿಂದ ತೆಗೆದು ಬರೆಯಬೇಕು. ಒಬ್ಬರದೇ ಹಲಗೆ, ಅದರಲ್ಲಿ ಸಂಖ್ಯೆ ಬರೆದ ಕೊಕ್ಕೆಗಳು ಇದ್ದರೆ ಯಾವುದು ಖಾಲಿಯೆಂದು ದೂರದಿಂದಲೇ ಕಾಣುತ್ತದೆ.

ಬೀಗದ ಕೈಗೆ ಕಟ್ಟುವ ಬಿಲ್ಲೆಯ ಮೇಲೆ ‘ಕಂಪ್ಯೂಟರ್ ಕೊಠಡಿ’ ಎಂದು ಬರೆಯುವುದು ನಮ್ಮಲ್ಲಿ ರೂಢಿ. ಅದು ರಸ್ತೆಯಲ್ಲಿ ಬಿದ್ದರೆ ಸಿಕ್ಕವರಿಗೆ ದಾರಿ ತೋರಿಸಿದಂತೆ. ಬಿಲ್ಲೆಯ ಮೇಲೆ ಬರೀ ಸಂಖ್ಯೆಯಿರಲಿ; ಯಾವ ಸಂಖ್ಯೆ ಯಾವ ಕೊಠಡಿಗೆಂಬ ಪಟ್ಟಿ ಬೇರೆಡೆ ಇರಲಿ. ಡೂಪ್ಲಿಕೇಟ್ ಕೈಗಳನ್ನು ಲಕೋಟೆಯಲ್ಲಿಟ್ಟು, ಅಂಟಿಸಿದ ಜಾಗದ ಮೇಲೆ ಇಬ್ಬರು ಸಹಿ ಹಾಕಬೇಕು. ಒಟ್ಟು ಎಷ್ಟು ಕೈಗಳಿವೆ, ಯಾರ ಬಳಿ ಎಷ್ಟಿವೆ ಎಂಬುದು ಪುಸ್ತಕದ ಮೊದಲ ಪುಟದಲ್ಲೇ ಇರಬೇಕು. ಪಟ್ಟಿಯಲ್ಲಿ ಇಲ್ಲದ ಒಂದು ಕೈ ಎಲ್ಲೋ ಇದ್ದರೂ ಉಳಿದ ಲೆಕ್ಕವೆಲ್ಲ ವ್ಯರ್ಥ. ಓದು ಮುಗಿಸಿ ಹೊರಡುವವರಿಂದ ಗ್ರಂಥಾಲಯದ ಪುಸ್ತಕ ಕೇಳಿ ಪಡೆಯುವಂತೆ ಬೀಗದ ಕೈಯನ್ನೂ ಕೇಳಿ ಪಡೆಯಬೇಕು.

ಕಳೆದಾಗ ಏನು ಮಾಡಬೇಕು? ಸಾಮಾನ್ಯವಾಗಿ ನಾವು ಮಾಡುವುದು ಎರಡು: ಕಳೆದವನಿಗೆ ದಂಡ, ಇದ್ದ ಕೈಯಿಂದ ಇನ್ನೊಂದು ನಕಲು. ಎರಡೂ ತಪ್ಪು. ದಂಡದ ಹೆದರಿಕೆಗೆ ಕಳೆದವನು ಹೇಳುವುದೇ ಇಲ್ಲ. ಬಸ್‌ಸ್ಟ್ಯಾಂಡಿನ ಬಳಿ ಕೈ ಮಾಡಿಕೊಡುವವನಿಂದ ಸದ್ದಿಲ್ಲದೆ ಒಂದು ಮಾಡಿಸಿ ತಂದಿಡುತ್ತಾನೆ. ಕಳೆದ ಕೈ ಎಲ್ಲೋ ಬದುಕಿಯೇ ಇರುತ್ತದೆ. ಹೇಳಿದವನನ್ನು ಬಯ್ಯದೆ, ಬೀಗವನ್ನೇ ಬದಲಾಯಿಸುವುದು ಸರಿಯಾದ ದಾರಿ. ಅಲಿಗಢದಲ್ಲೋ ದಿಂಡಿಗಲ್ಲಿನಲ್ಲೋ ತಯಾರಾದ ಒಂದು ಸಾಧಾರಣ ಬೀಗದ ಬೆಲೆ, ಒಳಗಿರುವ ಒಂದು ಕಂಪ್ಯೂಟರಿನ ಬೆಲೆಯ ಮುಂದೆ ಏನೂ ಅಲ್ಲ.

ಈಗ ಅಂಕಿ ಒತ್ತಿ ತೆರೆಯುವ, ಬೆರಳಿಟ್ಟು ತೆರೆಯುವ ಬೀಗಗಳು ಬಂದಿವೆ. ಬೆರಳಿನ ಬೀಗ ತೆರೆದವರ ಹೊತ್ತನ್ನು ತಾನೇ ಬರೆದಿಟ್ಟುಕೊಳ್ಳಬಲ್ಲದು. ಅದು ಅದರ ದೊಡ್ಡ ಗುಣ. ಅಂಕಿಯ ಬೀಗದ ಮಾತು ಬೇರೆ. ಒಬ್ಬನಿಗೆ ಹೇಳಿದ ಅಂಕಿ ವಾರದಲ್ಲಿ ಇಡೀ ಹಾಸ್ಟೆಲಿಗೆ ಗೊತ್ತಾಗುತ್ತದೆ. ಕಬ್ಬಿಣದ ಕೈಯನ್ನು ಹಿಂದಕ್ಕೆ ಪಡೆಯಬಹುದು, ಕಿವಿಗೆ ಬಿದ್ದ ಅಂಕಿಯನ್ನು ಪಡೆಯಲಾಗದು.

ತೆರೆಯಲಾಗದ ಬಾಗಿಲು

ಬೀಗದ ಕೈಯ ಲೆಕ್ಕ ಕಳ್ಳತನಕ್ಕಷ್ಟೇ ಸಂಬಂಧಿಸಿದ್ದಲ್ಲ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಬೆಂಕಿ ಬಿದ್ದಾಗ 59 ಜನ ಸತ್ತರು. ಬಾಲ್ಕನಿಯಲ್ಲಿದ್ದವರಿಗೆ ಹೊರಬರುವ ದಾರಿಗಳು ಮುಚ್ಚಿದ್ದವು, ಬಾಗಿಲಿಗೆ ಬೀಗ ಬಿದ್ದಿತ್ತು, ಹೊಗೆಯಲ್ಲಿ ಉಸಿರುಗಟ್ಟಿತು. ಜನ ಒಳಗಿರುವಾಗ ಹೊರದಾರಿಗೆ ಬೀಗವೇ ಇರಬಾರದು. ನೂರಾರು ಮಕ್ಕಳು ಮಲಗುವ ಹಾಸ್ಟೆಲುಗಳಲ್ಲಿ ರಾತ್ರಿ ಮೆಟ್ಟಿಲ ಬಾಗಿಲಿಗೆ ಬೀಗ ಹಾಕಿ, ಕೈಯನ್ನು ಜೇಬಿಗಿಳಿಸಿ ಮಲಗುವ ಅಭ್ಯಾಸವಿದ್ದರೆ ಅದನ್ನು ಇಂದೇ ಬಿಡಬೇಕು. ಹೊರಗಿನವರು ಬಾರದಂತೆ ಹಾಕಿದ ಬೀಗ ಒಳಗಿನವರನ್ನು ಕೂಡಿಹಾಕಬಾರದು.

ಒಟ್ಟಿನಲ್ಲಿ ಹಂಚಿಕೊಂಡ ಬೀಗದ ಕೈಗೆ ಬೇಕಾದ್ದು ಮೂರು: ಈಗ ಯಾರ ಬಳಿ ಇದೆ ಎಂಬುದು ತಿಳಿದಿರಬೇಕು, ಬೇಕಾದ ಗಳಿಗೆಯಲ್ಲಿ ಸಿಗಬೇಕು, ಎಷ್ಟಿವೆ ಎಂಬ ಲೆಕ್ಕ ನಿಜವಿರಬೇಕು. ಬರೆದಿಡುವ ಪುಸ್ತಕ ಕಳ್ಳನನ್ನು ಹಿಡಿಯಲಿಕ್ಕೆ ಎಂದು ಹೆಚ್ಚಿನವರು ತಿಳಿದಿದ್ದಾರೆ. ನಿಜವಾಗಿ ಅದು ಕಳ್ಳನಲ್ಲದವನನ್ನು ಉಳಿಸಲಿಕ್ಕೆ.

ನಮ್ಮ ಪ್ರೊಜೆಕ್ಟರ್ ಸಿಕ್ಕಿತು. ಹದಿನಾರು ದಿನಗಳ ನಂತರ, ಪಕ್ಕದ ಕಟ್ಟಡದ ಅಲಮಾರಿನಲ್ಲಿ. ಯಾವುದೋ ಕಾರ್ಯಕ್ರಮಕ್ಕೆಂದು ಅಧ್ಯಾಪಕರೊಬ್ಬರು ಊಟದ ಹೊತ್ತಿನಲ್ಲಿ ಬಂದು ಒಯ್ದಿದ್ದರು; ಅವರ ಬಳಿ ಹಿಂದಿನ ವರ್ಷದಿಂದಲೂ ಒಂದು ಬೀಗದ ಕೈ ಇತ್ತು. ಅಂಥದೊಂದು ಕೈ ಇರುವುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ‘ಸದ್ಯ, ಸಿಕ್ಕಿತಲ್ಲ’ ಎಂದು ಎಲ್ಲರೂ ನಿಟ್ಟುಸಿರು ಬಿಟ್ಟರು.

ಅಷ್ಟರಲ್ಲಿ ಗೆಳೆಯ ಹಾಸ್ಟೆಲು ಬಿಟ್ಟು ಒಂದು ಝೆರಾಕ್ಸ್ ಅಂಗಡಿಯಲ್ಲಿ ಸಂಜೆ ಕೆಲಸಕ್ಕೆ ಸೇರಿದ್ದ. ವಿಷಯ ಹೇಳಲು ಹೋದೆ. ಬೈದಾನೆಂದುಕೊಂಡಿದ್ದೆ, ಬೈಯಲಿಲ್ಲ. ‘ನಮ್ಮಪ್ಪ ಕಬ್ಬು ಇಳಿಸ್ಬುಟ್ಟು ತೂಕದ ಚೀಟಿ ಈಸ್ಕೊಳ್ದೆ ಗಾಡಿ ತಿರುಗಿಸ್ತಿರ್ಲಿಲ್ಲ ಕನಪ್ಪ. ನಾ ನಿನ್ನ ತಾವು ಚೀಟಿ ಕೇಳ್ನಿಲ್ಲ, ಅಷ್ಟೆಯ’ ಎಂದ. ವಾಪಸು ಬಾ ಎಂದು ಕರೆದೆ. ಬರಲಿಲ್ಲ.

ಮರುದಿನ ನೂರು ಪುಟದ ಒಂದು ನೋಟ್‌ಬುಕ್ ಕೊಂಡು ಗೆರೆ ಎಳೆದೆ. ಅದರ ಮೊದಲ ಸಾಲಿನಲ್ಲಿ ನನ್ನ ಹೆಸರು, ಹೊತ್ತು, ಸಹಿ ಇವೆ. ಅಲ್ಲಿ ಇರಬೇಕಾಗಿದ್ದದ್ದು ಅವನ ಹೆಸರು.